ಮೊಣಕಾಲೂರಿ ತೆಗೆದ ಸೇತುವೆ

ಜಪಾನಿನ ಕೋಚಿ ಪಟ್ಟಣಕ್ಕೆ ಬಂದವರು ಹರಿಮಾಯಾ ಸೇತುವೆ ಎಲ್ಲಿದೆ ಎಂದು ಕೇಳುತ್ತಾರೆ, ಎಷ್ಟೋ ಸಲ ಅದರ ಮೇಲೆಯೇ ನಿಂತುಕೊಂಡು. ಹಳೆಯ ಹಾಡೊಂದರಿಂದ ದೇಶವೆಲ್ಲ ಹೆಸರು ಕೇಳಿರುವ ಸೇತುವೆ, ಇಪ್ಪತ್ತೋ ಮೂವತ್ತೋ ಹೆಜ್ಜೆ ಹಾಕಿದರೆ ಮುಗಿದೇ ಹೋಯಿತು. ಕೆಂಪು ಕಟಕಟೆ, ಪಕ್ಕದಲ್ಲೇ ಟ್ರಾಮ್ ಹಳಿ, ಸುತ್ತ ಅಂಗಡಿಗಳು.

"ಇಷ್ಟೇನಾ?" ಎನ್ನುತ್ತಾರೆ.

ಈ ಮಾತನ್ನು ತೊಕಿಯೆ ಮೂವತ್ತು ವರ್ಷಗಳಿಂದ ಕೇಳುತ್ತಲೇ ಇದ್ದಳು. ಅವಳು ಅಲ್ಲಿ ಬಂದವರ ಫೋಟೋ ತೆಗೆಯುವವಳು. ಎದುರಿನ ಟೋಪಿ ಅಂಗಡಿಯ ಕುಸುನೊಸೆ ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಕೂಗುವನು: "ಏನಮ್ಮಾ, ಇವತ್ತು ಎಷ್ಟು ಜನರ ಎದೆ ಒಡೀತೀಯ?"

"ಒಡೆಯೋದು ಸೇತುವೆ. ಅಂಟಿಸಿ ಕಳಿಸೋದು ನಾನು," ಎನ್ನುವಳು ತೊಕಿಯೆ.

ಅದು ಸುಳ್ಳಲ್ಲ. ತೀರಿಕೊಂಡ ಗಂಡ ಅವಳಿಗೊಂದು ಕೆಲಸ ಕಲಿಸಿ ಹೋಗಿದ್ದ. ನೆಲಕ್ಕೆ ಮೊಣಕಾಲೂರಬೇಕು, ಕ್ಯಾಮೆರಾವನ್ನು ಹಿಮ್ಮಡಿಯ ಮಟ್ಟಕ್ಕೆ ಇಳಿಸಬೇಕು, ಜನರನ್ನು ಸೇತುವೆಯ ಉಬ್ಬಿನ ಮೇಲೆ ನಿಲ್ಲಿಸಬೇಕು, ಟ್ರಾಮ್ ದಾಟಿ ಹೋಗುವವರೆಗೆ ಕಾಯಬೇಕು. ಆಗ ಸೇತುವೆ ಆಕಾಶಕ್ಕೆ ಏರಿದಂತೆ ಕಾಣುತ್ತದೆ. ಮುಖ ಸಪ್ಪಗೆ ಮಾಡಿಕೊಂಡವರೂ ಫೋಟೋ ನೋಡಿ ಅರಳುತ್ತಿದ್ದರು.

ಅಂಥದೊಂದು ಫೋಟೋ ಪ್ರತಿ ಹೊಸ ವರ್ಷಕ್ಕೆ ಶುಭಾಶಯದ ಕಾರ್ಡಾಗಿ ಬ್ರೆಜಿಲ್‌ಗೆ ಹೋಗುತ್ತಿತ್ತು, ಅಕ್ಕ ಮಿಸಾವೊಗೆ. ಐವತ್ತು ವರ್ಷದ ಹಿಂದೆ, ಮದುವೆಯಾದ ಹೊಸತರಲ್ಲಿ, ಮಿಸಾವೊ ಗಂಡನ ಜೊತೆ ಕಾಫಿ ತೋಟದ ಕೆಲಸಕ್ಕೆಂದು ಹಡಗು ಹತ್ತಿದ್ದಳು. ಬಂದರಿನವರೆಗೆ ಹೋಗಿ ಕಳಿಸಿಕೊಡಲು ಅಮ್ಮನಿಗೆ ರಜೆ ಸಿಗಲಿಲ್ಲ. ಹನ್ನೆರಡು ವರ್ಷದ ತೊಕಿಯೆ ಒಬ್ಬಳೇ ಈ ಸೇತುವೆಯ ಬಳಿ ನಿಂತು, ಅಕ್ಕ ಕೂತ ಟ್ರಾಮ್ ಬಂದರಿನ ಕಡೆ ತಿರುಗುವವರೆಗೂ ಕೈ ಬೀಸಿದ್ದಳು. ಆಗ ಕೆಳಗೆ ಕಾಲುವೆಯಿತ್ತು. ಆಮೇಲೆ ಅದನ್ನು ಮುಚ್ಚಿದರು, ಸೇತುವೆಯನ್ನೂ ಹೊಸದಾಗಿ ಕಟ್ಟಿದರು. ಇದಾವುದನ್ನೂ ತೊಕಿಯೆ ಅಕ್ಕನಿಗೆ ಬರೆಯಲಿಲ್ಲ. ಅಲ್ಲಿನ ಜಪಾನಿಯರ ಸಂಘದ ಮನೆಯ ಗೋಡೆಗೆ ಅಕ್ಕ ಇವಳು ಕಳಿಸಿದ ಫೋಟೋಗಳನ್ನು ಸಾಲಾಗಿ ತೂಗುಹಾಕಿದ್ದಳಂತೆ. ಹೇಗೆ ಬರೆಯುವುದು?

ಈಗ ಅಕ್ಕ ಬರುತ್ತಿದ್ದಳು. ಹತ್ತು ದಿನಕ್ಕೆ, ಒಂದೇ ಒಂದು ಸಲಕ್ಕೆ. "ಮೊದಲು ಸೇತುವೆ ಹತ್ರ ಕರಕೊಂಡು ಹೋಗು," ಎಂದು ಬರೆದಿದ್ದಳು.

ಬಂದ ಅಕ್ಕ ಬೆನ್ನು ಬಾಗಿದ, ಬಿಸಿಲಿಗೆ ಸುಟ್ಟ ಮುದುಕಿ. ಬಾಯಿ ತೆರೆದರೆ ಮಾತ್ರ ಅಮ್ಮನದೇ ದನಿ. ಅವಳು ಆಡುತ್ತಿದ್ದ ಹಳೆಯ ಮಾತುಗಳನ್ನು ಊರಿನಲ್ಲಿ ಈಗ ಯಾರೂ ಆಡುವುದಿಲ್ಲ. ಅಡುಗೆಮನೆಯಲ್ಲಿ ಬೆನ್ನು ಹಾಕಿ ನಿಂತು ಕೇಳುತ್ತಿದ್ದ ತೊಕಿಯೆಗೆ ತಿರುಗಿ ನೋಡಲು ಮನಸ್ಸಾಗುತ್ತಿರಲಿಲ್ಲ.

ಮೊದಲ ದಿನ ತೊಕಿಯೆ ಅಕ್ಕನ ದಣಿವಿನ ನೆಪ ಹೇಳಿದಳು. ಎರಡನೆಯ ದಿನ ಕೋಟೆಗೆ ಕರೆದೊಯ್ದಳು. ಮೂರನೆಯದು ಭಾನುವಾರ, ಸಂತೆ ತಿರುಗಿಸಿದಳು, ಹುಲ್ಲಿನ ಬೆಂಕಿಯಲ್ಲಿ ಸುಟ್ಟ ಮೀನು ತಿನ್ನಿಸಿದಳು. ನಾಲ್ಕನೆಯ ಬೆಳಿಗ್ಗೆ ಮಿಸಾವೊ ತಾನೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ಕೂತಳು.

"ಏನೇ, ಸೇತುವೆ ಮಾರಿಬಿಟ್ರಾ?"

ಇನ್ನು ತಪ್ಪಿಸುವಂತಿರಲಿಲ್ಲ. ತೊಕಿಯೆ ಅಕ್ಕನನ್ನು ಸೇತುವೆಗೆ ಕರೆತಂದಳು. ಮಿಸಾವೊ ಈ ತುದಿಯಿಂದ ಆ ತುದಿಗೆ ನಡೆದಳು. ತಿರುಗಿ ಬಂದಳು. ಕಟಕಟೆಯ ಮೇಲಿಂದ ಬಗ್ಗಿ ನೋಡಿದಳು.

"ಇಷ್ಟೇನಾ?"

ಮೂವತ್ತು ವರ್ಷ ಕೇಳಿದ ಮಾತು ಅಂದು ಮೊದಲ ಸಲ ತೊಕಿಯೆಗೆ ನಾಟಿತು. "ಇಷ್ಟೇ ಅಕ್ಕಾ. ನಾನೇ ದೊಡ್ಡದು ಮಾಡಿ ಕಳಿಸ್ತಿದ್ದೆ," ಎಂದಳು ತಲೆ ತಗ್ಗಿಸಿ. "ನೀನು ಅಲ್ಲಿ ನಿಂತ್ಕೊ. ಈಗಲೂ ತೆಗೆದುಕೊಡ್ತೀನಿ. ಗೋಡೆಗೆ ಹಾಕೋ ಹಾಗೆ." ಎನ್ನುತ್ತಲೇ ನೆಲಕ್ಕೆ ಮೊಣಕಾಲೂರಿದಳು.

ಮಿಸಾವೊ ಉಬ್ಬಿನ ಮೇಲೆ ಹೋಗಿ ನಿಂತಳು. ಟ್ರಾಮ್ ಬಂತು. ತೊಕಿಯೆ ಅಭ್ಯಾಸದಂತೆ ಕೈ ಎತ್ತಿ, "ತಾಳು, ಅದು ಹೋಗಲಿ," ಎಂದಳು.

"ಯಾಕೆ ಹೋಗಬೇಕು?"

"ಫೋಟೋದಲ್ಲಿ ಬಂದ್ರೆ ಚೆನ್ನಾಗಿರಲ್ಲ."

"ಅದಕ್ಕೇನಾ," ಎಂದಳು ಮಿಸಾವೊ. ಟ್ರಾಮ್ ಹೋದ ದಿಕ್ಕನ್ನೇ ನೋಡಿದಳು. "ನಿನ್ನ ಕಾರ್ಡು ಬಂದಾಗೆಲ್ಲ ಭೂತಗನ್ನಡಿ ಇಟ್ಟು ಹುಡುಕ್ತಿದ್ದೆ ಕಣೇ. ಸೇತುವೆ ಯಾರಿಗೆ ಬೇಕಿತ್ತು? ಅವತ್ತು ಟ್ರಾಮಿನ ಕಿಟಕಿಯಿಂದ ಸೇತುವೆ ಕಡೆ ನಾನು ತಿರುಗಿಯೂ ನೋಡಿಲ್ಲ. ನಿನ್ನ ಕೈ ನೋಡ್ತಾ ಇದ್ದೆ. ಮೂವತ್ತು ಫೋಟೋ ಕಳಿಸಿದೀಯ. ಒಂದರಲ್ಲೂ ಟ್ರಾಮಿಲ್ಲ, ನೀನೂ ಇಲ್ಲ."

ತೊಕಿಯೆ ಇನ್ನೂ ಮೊಣಕಾಲೂರಿಯೇ ಇದ್ದಳು. ಅಕ್ಕನೇ ಇಳಿದು ಬಂದು ತೋಳು ಹಿಡಿದು ಎಬ್ಬಿಸಿದಳು.

ಕುಸುನೊಸೆಯನ್ನು ಕರೆದರು. ಅವನು ಟೋಪಿ ಅಂಗಡಿಯ ಬಾಗಿಲಲ್ಲೇ ನೆಟ್ಟಗೆ ನಿಂತು ಕ್ಯಾಮೆರಾ ಎತ್ತಿದ. "ಮಂಡಿ ಊರೋದು ನನ್ನ ಕೈಲಾಗಲ್ಲಮ್ಮ. ಬಂದ ಹಾಗೆ ಬರುತ್ತೆ," ಎಂದ. ಮುಂದಿನ ಟ್ರಾಮ್ ಬರುವವರೆಗೆ ಕಾಯ್ದ. ಫೋಟೋದಲ್ಲಿ ಸೇತುವೆ ಆಟಿಕೆಯಷ್ಟು ಸಣ್ಣದಾಗಿ ಬಂತು. ತಂತಿಗಳು ಬಂದವು, ಅರ್ಧ ಟ್ರಾಮ್ ಬಂತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಇಬ್ಬರು ಮುದುಕಿಯರು ಬಂದರು.

ಹತ್ತನೆಯ ದಿನ ಮಿಸಾವೊ ಟ್ರಾಮ್ ಹತ್ತಿದಳು. ರೈಲು ನಿಲ್ದಾಣದವರೆಗೆ ಬರಲು ತೊಕಿಯೆ ಸಿದ್ಧಳಾಗಿದ್ದಳು. "ಬೇಡ. ನೀನು ಸೇತುವೆ ಹತ್ರಾನೇ ನಿಲ್ಲು," ಎಂದಳು ಅಕ್ಕ. ತೊಕಿಯೆ ನಿಂತಳು. ಕೈ ಬೀಸಿದಳು.

ತೊಕಿಯೆ ಈಗಲೂ ಅಲ್ಲಿ ಫೋಟೋ ತೆಗೆಯುತ್ತಾಳೆ. ಬಂದವರು ಅವಸರ ಮಾಡಿದರೆ, "ಸ್ವಲ್ಪ ತಾಳಿ, ಟ್ರಾಮ್ ಬರಲಿ," ಎನ್ನುತ್ತಾಳೆ. ಅದು ಬರುವ ತನಕ, ಅಂದು ಅಕ್ಕ ಹೋದ ಬಂದರಿನ ದಿಕ್ಕಿಗೇ ನೋಡುತ್ತಿರುತ್ತಾಳೆ.