ಉಳಿದಿಲ್ಲ, ಗಾಡಿ ಬಿಡಬ್ಯಾಡ್ರಿ

ಕಂಪ್ಯೂಟರ್ ಮೇಡಂ ಕೆಲಸಕ್ಕೆ ಕೂರುವ ಮೊದಲು ಎರಡೂ ಕೈಯ ಗಾಜಿನ ಬಳೆಗಳನ್ನು ಮೊಣಕೈ ಕಡೆಗೆ ಸರಿಸಿ ರಬ್ಬರ್ ಬ್ಯಾಂಡ್ ಬಿಗಿಯುತ್ತಿದ್ದರು. ಬಳೆ ಸದ್ದು ನಿಂತಿತೆಂದರೆ ಅವರನ್ನು ಮಾತಾಡಿಸಬಾರದು. ಕೊಟ್ಟೂರಿನಿಂದ ಬಸ್ಸಿಗೆ ಬಂದು, ಹರಪನಹಳ್ಳಿಯಲ್ಲಿ ಗಾಡಿ ತೂಗುವ ನಮ್ಮ ವೇಬ್ರಿಡ್ಜಿನ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದರು.

ಅಲ್ಲಿ ತೂಕ ಬರೆಯುವ ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಆದರೆ ತೂಕದಲ್ಲಿ ನನ್ನತ್ತ ಬೆರಳು ತೋರಿಸಿದವರಿಲ್ಲ. ನಮ್ಮಲ್ಲಿ ಕಾಳು ಅಳೆಯುವಾಗ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತೇವೆ. ಬೇರೆ ಊರಿನವರು ಯಾರೋ ಬರೆದ ಹೊಸ ಪ್ರೋಗ್ರಾಂ ಬಂದ ದಿನ, ಮೊದಲ ಟ್ರ್ಯಾಕ್ಟರಿನ ಸರದಿ ನಂಬರಿಗೂ ‘ಲಾಭ’ ಎಂದೇ ಟೈಪ್ ಹೊಡೆದೆ. ಸೇವ್ ಆಗಿದೆ ಎಂದಿತು. ಮೆಕ್ಕೆಜೋಳ ತಂದಿದ್ದ ಹೆಣ್ಣುಮಗಳು ಅದನ್ನು ಎಲ್ಲರ ರಾಶಿಗೆ ಸುರಿಸಿ, ಖಾಲಿ ಟ್ರ್ಯಾಕ್ಟರ್ ತೂಗಿಸಲು ಬಂದರೆ, ತುಂಬಿದ ತೂಕವೇ ಕಂಪ್ಯೂಟರಿನಲ್ಲಿ ಇಲ್ಲ.

“ನಂದು ಯಾವ್ದು ಅಂತ ರಾಶಿಯಾಗ ಆರಿಸಿ ತಗೀತೀಯೇನಪಾ?” ಎಂದಳು ಆಕೆ. ನಾನು ಮೇಡಂಗೆ ಫೋನ್ ಮಾಡಿದೆ.

ಮೇಡಂ ಬಂದವರೇ ಬಳೆ ಸರಿಸಿದರು. ಅಂಕಿಯ ಜಾಗದಲ್ಲಿ ಅಕ್ಷರ ಕಂಡು ಡೇಟಾಬೇಸ್ ಆ ಸಾಲನ್ನೇ ಬೇಡ ಎಂದಿತ್ತಂತೆ. ಪ್ರೋಗ್ರಾಂ ಆ ತಕರಾರು ಕಿವಿಗೆ ಹಾಕಿಕೊಳ್ಳದೆ ನನಗೆ ಸುಳ್ಳು ಹೇಳಿತ್ತು. ಆದರೆ ಡೇಟಾಬೇಸ್ ತಾನು ಒಪ್ಪದ್ದನ್ನೂ ಲಾಗ್ ಎಂಬ ಕಡತದಲ್ಲಿ ಬರೆದಿಡುತ್ತದೆ ಎನ್ನುತ್ತ ಅದನ್ನು ತೆರೆದರು. ಉದ್ದುದ್ದ ಇಂಗ್ಲಿಷ್ ಸಾಲುಗಳ ನಡುವೆ ನನ್ನ ‘ಲಾಭ’, ಪಕ್ಕದಲ್ಲೇ ಆಕೆಯ ತೂಕ. ಬಾವಿಗೆ ಬಿದ್ದ ಕೊಡ ಪಾತಾಳಗರಡಿಗೆ ಸಿಕ್ಕಿದ ಹಾಗೆ. ನಾನು ಬೆರಗಾಗಿ ನಿಂತೆ.

“ಬಳಿ ಇಳಿಸ್ಕಳವ್ವ, ಕೈ ಕೆಂಪಾಗ್ಯಾವ,” ಎಂದಳು ಆ ಹೆಣ್ಣುಮಗಳು.

ಮೇಡಂ ನನ್ನ ಕಡೆ ತಿರುಗಿದರು. “ಲಾಭ ಅಂದಿದ್ದು ತಪ್ಪಲ್ರಿ. ಈ ಪ್ರೋಗ್ರಾಂ ಆಗ್ಲಾರದ್ದನ್ನ ಆತು ಅಂದಿದ್ದು ತಪ್ಪು.”

ಅವರು ಬಳೆ ಇಳಿಸಿದ್ದು ಸಂಜೆಗೇ. ಲಾಭ ಎಂದರೆ ಒಂದು ಎಂದು ಪ್ರೋಗ್ರಾಮಿಗೆ ಕಲಿಸಿದರು. ಸೇವ್ ಆಗುತ್ತಿರುವಾಗಲೇ ವೈರ್ ಕಿತ್ತರು, ಬೇಕೆಂದೇ ಹುಚ್ಚುಚ್ಚಾಗಿ ಹೊಡೆದರು. ಕೆಡಲಿ ಎಂದೇ ಅಷ್ಟು ಶ್ರದ್ಧೆಯಿಂದ ದುಡಿಯುವವರನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಪ್ರತಿ ಸಲವೂ ಹೊಡೆದದ್ದು ಅಳಿಯದೆ ಹಾಗೇ ಇತ್ತು, ಸೇವ್ ಆಗಿಲ್ಲವೆಂದು ಮೇಲೆ ಕೆಂಪಕ್ಷರ ಬಂತು: ‘ಉಳಿದಿಲ್ಲ. ಗಾಡಿ ಬಿಡಬ್ಯಾಡ್ರಿ.’

ಇಂಗ್ಲಿಷಿನಲ್ಲಿ ಯಾಕೆ ಹಾಕಲಿಲ್ಲ ಎಂದು ಕೇಳಿದೆ.

“ಗಾಡಿ ನಿಲ್ಸೋರು ನೀವಲ್ರಿ?” ಎಂದರು.

ಹೋದ ವರ್ಷ ಮೇಡಂ ತೀರಿಕೊಂಡರು. ಉಜ್ಜಿನಿ ಕಡೆಯ ಗಾಡಿಗಳು ಸಾಲುಗಟ್ಟಿದಾಗ, ನೆಟ್ ಕೈಕೊಟ್ಟಾಗ, ಆ ಕೆಂಪಕ್ಷರ ಈಗಲೂ ಮೂಡುತ್ತದೆ. “ಆತ್ರಿ ಮೇಡಂ,” ಎಂದು ಎದ್ದು ಹೋಗಿ ಡ್ರೈವರನಿಗೆ ಕೈ ಅಡ್ಡ ಹಿಡಿಯುತ್ತೇನೆ.