ಕೆಂಪು ಗೀಟಿನ ಪದ್ಯ

ಮಾನ್ವಿಯ ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದ ಮಾಸ್ತರರ ಮೇಲೆ ಸೇಡು ತೀರಿಸಿಕೊಳ್ಳಲು ಮೂವತ್ತು ವರ್ಷ ಕಾದವಳು ನಾನು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಅವ್ವ ತೀರಿಕೊಂಡ ತಿಂಗಳಲ್ಲೇ ಒಂದು ಪದ್ಯ ಬರೆದಿದ್ದೆ. ಅವಳು ಕೊಯ್ಯದೆ ಬಿಟ್ಟ ಜೋಳದ ಸಾಲು, ಬದುವಿನ ಮೇಲೆ ಅವಳ ಕುಡಗೋಲು, ತೆನೆಗೆ ಮುಗಿಬಿದ್ದ ಗುಬ್ಬಿಗಳು, ಅಷ್ಟೇ. ಮಾಸ್ತರರು ಅದನ್ನು ಇಡೀ ಕ್ಲಾಸಿಗೆ ಓದಿ ನಕ್ಕರು. "ಅವ್ವ ಸತ್ರ ಗುಬ್ಬಿ ಎಣಸಾಕತ್ತೀಯೇನಬೇ? ಕಲ್ಲೆದಿ ನಿಂದು" ಅಂದು ನೋಟ್‌ಬುಕ್ಕಿನ ಆ ಪುಟಕ್ಕೆ ಕೆಂಪು ಶಾಯಿಯಲ್ಲಿ ಅಡ್ಡಗೀಟು ಎಳೆದರು.

ಈಗ ದೇವದುರ್ಗದ ಕಾಲೇಜಿನಲ್ಲಿ ನಾನೇ ಕನ್ನಡ ಕಲಿಸುತ್ತೇನೆ. ವರ್ಷಕ್ಕೊಮ್ಮೆ ಹುಡುಗಿಯರನ್ನು ಹತ್ತಿರದ ಗೂಗಲ್ ಎಂಬ ಊರಿನ ಹೊಳೆದಂಡೆಗೆ ಕರೆದೊಯ್ದು ಪದ್ಯ ಬರೆಸಿ, ಕಾಲೇಜಿನಲ್ಲಿ ಸ್ಪರ್ಧೆ ಇಡುತ್ತೇನೆ. ದುಃಖ, ಕಣ್ಣೀರು ಎಂಬ ಮಾತು ಬರಕೂಡದು, ಕಣ್ಣಿಗೆ ಕಂಡದ್ದನ್ನೇ ಬರೆಯಬೇಕು. ಈ ನಿಯಮ ಮಾಡಿದ್ದೂ ಆ ಮನುಷ್ಯನ ಮೇಲಿನ ಸಿಟ್ಟಿಗೇ.

ಈ ವರ್ಷ, ಅಣ್ಣನನ್ನು ಕಳೆದುಕೊಂಡು ತಿಂಗಳುಗಟ್ಟಲೆ ಬಾಯಿಬಿಡದಿದ್ದ ಕುರಿಗಾರರ ಹುಡುಗಿಯೊಬ್ಬಳು ಅಲ್ಲಿ ಕೂತು ಬರೆದಳು. ಹಟ್ಟಿಯ ಬಾಗಿಲಲ್ಲಿ ಅಣ್ಣನ ದಾರಿ ಕಾಯುವ ನಾಯಿಯ ಪದ್ಯ. ಸ್ಪರ್ಧೆಯಲ್ಲಿ ಮೊದಲು ಬಂದ ಪದ್ಯವನ್ನಷ್ಟೇ ವೇದಿಕೆಯಲ್ಲಿ ಓದಿಸುವುದು ನಮ್ಮಲ್ಲಿ ರೂಢಿ. ಮಗಳದನ್ನೇ ಓದಿಸಬಹುದೆಂದು ಆ ದಿನ ಅವಳ ತಾಯಿ ಕುರಿ ಬಿಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದಳು.

ತೀರ್ಪು ಕೊಡಲು ರಾಯಚೂರಿನಿಂದ ಆ ಮಾಸ್ತರರನ್ನೇ ಹಟ ಹಿಡಿದು ಕರೆಸಿದ್ದೆ. ಹಾಳೆಗಳ ಮೇಲೆ ಹೆಸರಿರಲಿಲ್ಲ, ಬರೀ ನಂಬರು. ನನ್ನ ಹಳೆಯ ಪದ್ಯವನ್ನೂ ನಕಲು ಮಾಡಿ ನಡುವೆ ತೂರಿಸಿದ್ದೆ. ಮತ್ತೆ ಹೀಯಾಳಿಸಲಿ, ಎಲ್ಲರೆದುರು ಹಳೆಯ ನೋಟ್‌ಬುಕ್ಕು ತೆಗೆದು ಮಾನ ಕಳೆಯುತ್ತೇನೆ ಅಂದುಕೊಂಡಿದ್ದೆ.

ಅವರು ನನ್ನ ಆ ಪದ್ಯಕ್ಕೇ ಮೊದಲ ಸ್ಥಾನ ಕೊಟ್ಟರು! ಕರುಳು ಕಿತ್ತು ಬಂತು ಎಂದು ಹೇಳಿ, ಬರೆದವಳನ್ನು ವೇದಿಕೆಗೆ ಕರೆದರು. ನಾನೇ ಹೋದೆ. ಕೆಂಪು ಗೀಟಿನ ಪುಟ ತೆರೆದು ಅವರ ಮುಂದೆ ಹಿಡಿದೆ, ಅವರು ಅಂದದ್ದನ್ನೆಲ್ಲ ಮೈಕಿನಲ್ಲಿ ಹೇಳಿದೆ.

"ನನಗ ನೆಪ್ಪಿಲ್ಲವ್ವಾ" ಅಂದರು.

"ನನಗ ನೆಪ್ಪದರೀ ಸರ್" ಅಂದೆ.

ಅವರು ಚಹಾ ಸಹ ಕುಡಿಯದೆ ಎದ್ದು ಹೋದರು. ಸಭೆಯೂ ಗುಸುಗುಸು ಎನ್ನುತ್ತ ಎದ್ದಿತು. ನನ್ನ ಹೊಟ್ಟೆ ತಣ್ಣಗಾಗಿತ್ತು.

ಕುರ್ಚಿಗಳನ್ನು ಎತ್ತಿಡುವಾಗ ಆ ಹುಡುಗಿ ಬಂದು ನಿಂತಳು. ಬಾಗಿಲ ಬಳಿ ಅವಳ ತಾಯಿ ಚಪ್ಪಲಿ ಮೆಟ್ಟುತ್ತಿದ್ದಳು. ಅಲ್ಲಿಯತನಕ ಹುಡುಗಿಯ ನಾಯಿಯ ಪದ್ಯದ ನೆನಪೇ ನನಗೆ ಬಂದಿರಲಿಲ್ಲ.

"ನನ್ನ ಪದ್ಯದಾಗ ಏನು ಕಡಿಮಿ ಆಗಿತ್ತರೀ, ಮೇಡಂ?"