ಒಳಗಿಂದ ಅಳೆದ ಬೇಲಿ

ಪುರಸಭೆಯಲ್ಲಿ ಅವನ ಹುದ್ದೆಗೆ ಉದ್ದನೆಯ ಹೆಸರೊಂದಿತ್ತು. ಜನ ಮಾತ್ರ ಅವನನ್ನು ಕೋಲಪ್ಪ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಸದಾ ಒಂದು ಕೋಲು, ಅದಕ್ಕೆ ಎದೆಮಟ್ಟದಲ್ಲಿ ಒಂದು ಕೆಂಪು ಪಟ್ಟಿ. ತಿರುವಿನಲ್ಲಿರುವ ಮನೆಗಳ ಗಿಡದ ಬೇಲಿ ಆ ಪಟ್ಟಿಯನ್ನು ಮೀರಬಾರದು, ತಿರುಗುವ ಗಾಡಿಗೆ ಎದುರಿನ ಗಾಡಿ ಕಾಣಬೇಕು ಎಂಬುದು ಪುರಸಭೆಯ ನಿಯಮ. ಕೋಲನ್ನು ರಸ್ತೆಯ ಮೇಲೆ ಊರಿ ಅಳೆಯುವುದು ಕ್ರಮ. "ನಮ್ಮ ಜಾಗ, ನಮ್ಮ ಗಿಡ, ನಿಮಗೇನ್ರೀ ಉರಿ?" ಎಂದವರಿಗೆ, "ಗಿಡ ನಿಮ್ದೇ ಕಣ್ರೀ, ರಸ್ತೆ ನಿಮ್ದಲ್ವಲ್ಲ" ಎಂದು ತಣ್ಣಗೆ ಹೇಳಿ, ಕತ್ತರಿ ಹಾಕಿಸಿಯೇ ಮುಂದೆ ಹೋಗುತ್ತಿದ್ದ.

ಒಂದು ಮನೆಯಲ್ಲಿ ಮಾತ್ರ ಒಳಗಿಂದ ಅಳೆಯುತ್ತಿದ್ದ. ಅದು ಅವನ ಅಕ್ಕನ ಮನೆ. ಗೇಟಿನ ಬಳಿ ಕಂಡ ಕೂಡಲೇ ಅಕ್ಕ, "ಬಾರೋ, ಚಹಾ ಆರಿಹೋಗತ್ತೆ" ಎನ್ನುವಳು. ಲೋಟ ಒಂದು ಕೈಯಲ್ಲಿ, ಕೋಲು ಇನ್ನೊಂದರಲ್ಲಿ. ಅಂಗಳದಲ್ಲೇ ಊರಿ ನೋಡಿದರೆ ಬೇಲಿ ಪಟ್ಟಿಗೆ ಸರಿಸಮ. ಅಂಗಳ ರಸ್ತೆಗಿಂತ ಮೊಣಕಾಲೆತ್ತರ ಮೇಲಿದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ.

ಬೇಲಿಯ ಮರೆಯಲ್ಲಿ ಭಾವ ಕೂತಿರುತ್ತಿದ್ದ. ಬಸ್ಸು ಓಡಿಸಿಕೊಂಡಿದ್ದ ಮನುಷ್ಯ. ಪಾರ್ಶ್ವವಾಯು ಬಡಿದು ಬಲಗೈ, ಬಲಗಾಲು ಸೋತಿದ್ದವು, ಬಾಯಿ ಸೊಟ್ಟಗಾಗಿತ್ತು. ಬೆಳಗಿನ ಬಿಸಿಲಿಗೆಂದು ಅಕ್ಕ ಅವನನ್ನು ಅಲ್ಲಿ ಕೂರಿಸುತ್ತಿದ್ದಳು. ಈ ಸ್ಥಿತಿಯಲ್ಲಿ ಗಂಡ ಬೀದಿಯವರ ಕಣ್ಣಿಗೆ ಬೀಳಬಾರದೆಂಬುದು ಅವಳ ಹಟ.

ಎದುರು ಮೂಲೆಯ ದರ್ಜಿ ಹೆಂಗಸು, ತನ್ನ ಬೇಲಿಗೆ ಕತ್ತರಿ ಬೀಳುವ ದಿನ, ಟೇಪನ್ನು ಕೊರಳಿಗೆ ಹಾಕಿಕೊಂಡೇ ಹೊರಬಂದಳು.

"ಕೋಲಪ್ಪನೋರೇ, ಹೊಟ್ಟೆ ಒಳಗೆಳ್ಕೊಂಡು ನಿಂತವರ ಸೊಂಟ ಅಳೆದು ಹೊಲಿದ್ರೆ ಗುಂಡಿ ಕೂರತ್ತಾ? ನಿಮ್ಮಕ್ಕನ ಬೇಲೀನೂ ಒಂದ್ಸಲ ಹೊರಗಿಂದ ಅಳೀರಿ. ನಿನ್ನೆ ಅಲ್ಲೇ ಒಬ್ಬ ಸೈಕಲ್ಲಿನವನು ಲಾರಿಗೆ ಸಿಕ್ಕೋದ್ರಲ್ಲಿದ್ದ."

ಅವನು ರಸ್ತೆ ದಾಟಿ ಅಕ್ಕನ ಬೇಲಿಯ ಬುಡಕ್ಕೆ ಕೋಲು ಊರಿದ. ಕೆಂಪು ಪಟ್ಟಿ ಎಲೆಗಳೊಳಗೆ ಮುಳುಗಿಹೋಯಿತು.

"ಕತ್ತರಿಸೋದಾದ್ರೆ ಈ ಮನೆಯೊಳಗೆ ಮತ್ತೆ ಕಾಲಿಡಬೇಡ" ಎಂದಳು ಅಕ್ಕ.

"ಆಯ್ತಕ್ಕ" ಎಂದ. ಜೊತೆಗಿದ್ದ ಆಳಿನ ಕೈಯಿಂದ ಕತ್ತರಿ ಇಸಿದುಕೊಂಡು ತಾನೇ ಶುರುಮಾಡಿದ.

ಬೇಲಿ ಇಳಿದಂತೆ ಮೊದಲು ಭಾವನ ತಲೆ ಕಂಡಿತು, ಆಮೇಲೆ ಭುಜ. ಅಕ್ಕ ಕುರ್ಚಿ ಹಿಂದಕ್ಕೆಳೆಯಲು ಓಡಿಬಂದಳು. ಭಾವ ಎಡಗೈಯಿಂದ ಒಂದು ಕೊಂಬೆಯನ್ನು ಭದ್ರವಾಗಿ ಹಿಡಿದುಕೊಂಡ.

"ಬಿಡೇ" ಎಂದ, ತೊದಲುತ್ತ. "ಬಸ್ ತಿರುಗಿಸುವಾಗ ಈ ಬೇಲಿಗೆ ದಿನಾ ಬೈತಿದ್ದೆ. ಮನೇಲಿ ಹೇಳೋ ಧೈರ್ಯ ಇರ್ಲಿಲ್ಲ, ಅಷ್ಟೇ."

ಅಷ್ಟರಲ್ಲಿ ತಿರುವಿನಲ್ಲಿ ಬಸ್ಸೊಂದು ನಿಧಾನವಾಯಿತು. ಚಾಲಕ ಗುರುತು ಹಿಡಿದು ಹಾರ್ನ್ ಒತ್ತಿದ. ಭಾವ ಕೊಂಬೆ ಬಿಟ್ಟು ಕೈಯೆತ್ತಿದ. ಅಕ್ಕ ಕುರ್ಚಿ ಬಿಟ್ಟು ಒಳಗೆ ಹೋದಳು.

ಮುಂದಿನ ಸಲ ಅಳತೆಗೆ ಬಂದಾಗ ಕೋಲಪ್ಪ ಗೇಟಿನತ್ತ ತಿರುಗಲಿಲ್ಲ. ರಸ್ತೆಯಲ್ಲೇ ನಿಂತು ಕೋಲು ಊರಿದ. ಭಾವನ ಕುರ್ಚಿ ಇದ್ದಲ್ಲೇ ಇತ್ತು. ಅದರ ಹಿಂದಿನಿಂದ, ಬೇಲಿಯ ಮೇಲೆ, ಹಬೆಯಾಡುವ ಲೋಟವೊಂದು ಚಾಚಿ ಬಂತು.

"ಹೊರಗಿಂದ ಅಳೆಯೋರಿಗೆ ಚಹಾನೂ ಹೊರಗೇ" ಎಂದಳು ಅಕ್ಕ. "ಹಿಡ್ಕೋ, ಕೈ ಸುಡ್ತಿದೆ."